ಮಗುವಿನ ಹಕ್ಕು ಮತ್ತು ತಕ್ಕಡಿಯ ಮುಳ್ಳು

ಪ್ರಾಯೋಗಿಕ ತರಗತಿಯ ಮೊದಲ ದಿನ ವಿದ್ಯಾರ್ಥಿಗಳಿಗೆ ನಾವು ಹೇಳುವ ಮಾತು ಒಂದೇ: ವಸ್ತುವನ್ನು ಅಳೆಯುವ ಮೊದಲು ಉಪಕರಣವನ್ನು ಪರೀಕ್ಷಿಸಿ. ವರ್ನಿಯರ್ ಕ್ಯಾಲಿಪರ್ಸಿನ ದವಡೆಗಳನ್ನು ಮುಚ್ಚಿದಾಗ ಸೊನ್ನೆಯ ಎದುರು ಸೊನ್ನೆ ನಿಲ್ಲುತ್ತದೆಯೇ? ನಿಲ್ಲದಿದ್ದರೆ ಶೂನ್ಯ ದೋಷ ಎಷ್ಟು, ಧನವೋ ಋಣವೋ? ಅದನ್ನು ಬರೆಯದೆ ತಂದ ರೆಕಾರ್ಡ್ ಪುಸ್ತಕಕ್ಕೆ ನಾನು ಸಹಿ ಹಾಕುವುದಿಲ್ಲ. ಇಷ್ಟೆಲ್ಲ ಮುತುವರ್ಜಿ ಒಂದು ಉಕ್ಕಿನ ಗುಂಡಿನ ವ್ಯಾಸಕ್ಕಾಗಿ. ಆ ಗುಂಡಿಗೆ ಯಾವ ಹಕ್ಕೂ ಇಲ್ಲ. ನಾವು ತಪ್ಪಾಗಿ ಅಳೆದರೆ ಅದಕ್ಕೆ ನಷ್ಟವೂ ಇಲ್ಲ.

ಕೆಲವು ವರ್ಷಗಳ ಹಿಂದೆ ಮೂವರು ಬಿ.ಎಸ್ಸಿ. ವಿದ್ಯಾರ್ಥಿಗಳೊಂದಿಗೆ ಪಕ್ಕದ ತಾಲ್ಲೂಕಿನ ಒಂದು ಅಂಗನವಾಡಿಗೆ ಹೋಗಿದ್ದೆ. ತೊಲೆಗೆ ನೇತುಹಾಕಿದ ಸ್ಪ್ರಿಂಗ್ ತಕ್ಕಡಿ, ಅದಕ್ಕೊಂದು ಬಟ್ಟೆಯ ಚಡ್ಡಿ, ಅದರಲ್ಲಿ ಕಾಲು ಬಡಿಯುತ್ತಿದ್ದ ಮಗು. ಎಲೆಕ್ಟ್ರಾನಿಕ್ ತೂಕಯಂತ್ರವೂ ಇತ್ತು. ಬ್ಯಾಟರಿ ಮುಗಿದು ಬೀರುವಿನೊಳಗೆ ಸೇರಿತ್ತು. ನಾನು ಮುಳ್ಳಿನ ಕಡೆ ನೋಡುತ್ತಿದ್ದುದನ್ನು ಗಮನಿಸಿದ ಕಾರ್ಯಕರ್ತೆ, "ಸರ್, ಇದು ನೂರು ಗ್ರಾಂ ಜಾಸ್ತಿ ತೋರಿಸುತ್ತೆ, ನಾನು ಕಳೆದು ಬರೀತೀನಿ" ಎಂದರು. ಶೂನ್ಯ ದೋಷದ ತಿದ್ದುಪಡಿ! ಯಾರೂ ಕಲಿಸದೆ ಅವರೇ ಕಂಡುಕೊಂಡಿದ್ದರು. ನನಗೆ ಸಂತೋಷವಾಯಿತು, ಆದರೆ ಆ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ.

ಎದುರಿನ ಕಿರಾಣಿ ಅಂಗಡಿಯಿಂದ ಮುದ್ರೆಯಿರುವ ಎರಡು 5 ಕಿಲೋ ತೂಕದ ಕಲ್ಲುಗಳನ್ನು ಕೇಳಿ ತಂದೆವು. ಒಂದು ಕಲ್ಲು ಇಟ್ಟಾಗ ಮುಳ್ಳು 5.3ರಲ್ಲಿ ನಿಂತಿತು, ಎರಡನ್ನೂ ಇಟ್ಟಾಗ 10.5ರಲ್ಲಿ. ಖಾಲಿ ಇದ್ದಾಗ 0.1. ಈ ಮೂರು ಬಿಂದುಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ. ಸರಳರೇಖೆ ಬರುತ್ತದೆ, ಆದರೆ ಅದರ ಇಳಿಜಾರು 1 ಅಲ್ಲ, 1.04. ಹುಕ್ ನಿಯಮವನ್ನು ನೆನಪಿಸಿಕೊಂಡರೆ ಕಾರಣ ಊಹಿಸಬಹುದು. ವರ್ಷಾನುಗಟ್ಟಲೆ ಎಳೆಸಿಕೊಂಡ ಸ್ಪ್ರಿಂಗ್ ಸ್ವಲ್ಪ ಶಾಶ್ವತವಾಗಿ ಉದ್ದವಾಗಿದೆ. ಆದ್ದರಿಂದ ಶೂನ್ಯ ದೋಷ. ಜೊತೆಗೆ ಅದರ ಬಿಗುವೂ ತಗ್ಗಿದೆ. ಆದ್ದರಿಂದ ಅದೇ ತೂಕಕ್ಕೆ ಶೇಕಡ 4ರಷ್ಟು ಹೆಚ್ಚು ಹಿಗ್ಗುತ್ತದೆ. ಕಾರ್ಯಕರ್ತೆ ಮೊದಲನೆಯದನ್ನು ಕಳೆಯುತ್ತಿದ್ದರು. ಎರಡನೆಯದು ಖಾಲಿ ತಕ್ಕಡಿಯಲ್ಲಿ ಕಾಣುವುದೇ ಇಲ್ಲ.

ಈ ಶೇಕಡ 4 ಯಾವ ಲೆಕ್ಕ ಎಂದು ನೀವು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಮಾನಕದ ಪ್ರಕಾರ ಒಂದು ವರ್ಷ ತುಂಬಿದ ಗಂಡುಮಗುವಿನ ಮಧ್ಯಮ ತೂಕ 9.6 ಕಿಲೋ. 7.7 ಕಿಲೋಗಿಂತ ಕಡಿಮೆಯಾದರೆ 'ಕಡಿಮೆ ತೂಕ', 6.9 ಕಿಲೋಗಿಂತ ಕಡಿಮೆಯಾದರೆ 'ತೀವ್ರ ಕಡಿಮೆ ತೂಕ'. ನಿಜವಾಗಿ 6.7 ಕಿಲೋ ಇರುವ ಮಗು ಆ ತಕ್ಕಡಿಗೆ ಬಂತೆಂದಿಟ್ಟುಕೊಳ್ಳಿ. ಮುಳ್ಳು 7.1 ತೋರಿಸುತ್ತದೆ. ಕಾರ್ಯಕರ್ತೆ ಪ್ರಾಮಾಣಿಕವಾಗಿ 0.1 ಕಳೆದು 7.0 ಎಂದು ಬರೆಯುತ್ತಾರೆ. ತಾಯಿ ಕಾರ್ಡಿನ ನಕ್ಷೆಯಲ್ಲಿ ಚುಕ್ಕೆ ಕಿತ್ತಳೆ ಪಟ್ಟಿಯಿಂದ ಹಳದಿ ಪಟ್ಟಿಗೆ ಏರುತ್ತದೆ. ಮಗುವಿನ ಮೈಗೆ ಒಂದು ಗ್ರಾಮೂ ಸೇರಿಲ್ಲ.

ಇಲ್ಲಿಂದ ನಮ್ಮ ವಿಷಯ ಆರಂಭವಾಗುತ್ತದೆ. ಆ ಚುಕ್ಕೆ ಬರೀ ಚುಕ್ಕೆಯಲ್ಲ. ಅದರ ಮೇಲೆ ಒಂದು ಹಕ್ಕು ನಿಂತಿದೆ.

ವಿಶ್ವಸಂಸ್ಥೆಯ ಮಹಾಸಭೆ 1989ರ ನವೆಂಬರ್ 20ರಂದು ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ 1992ರ ಡಿಸೆಂಬರಿನಲ್ಲಿ ಅದಕ್ಕೆ ಸೇರಿತು. ಅದರ 24ನೆಯ ವಿಧಿ ಆರೋಗ್ಯದ್ದು, 26ನೆಯದು ಸಾಮಾಜಿಕ ಭದ್ರತೆಯದು, 27ನೆಯದು ತಕ್ಕ ಜೀವನಮಟ್ಟದ್ದು. ತಲುಪಬಹುದಾದ ಅತ್ಯುನ್ನತ ಆರೋಗ್ಯ ಪ್ರತಿ ಮಗುವಿನ ಹಕ್ಕು ಎನ್ನುತ್ತದೆ 24ನೆಯ ವಿಧಿ. ಮಾತು ದೊಡ್ಡದು, ಆದರೆ ಅದಕ್ಕೆ ಏಕಮಾನವಿಲ್ಲ. ಭೌತವಿಜ್ಞಾನದವರಿಗೆ ಏಕಮಾನವಿಲ್ಲದ ಸಂಖ್ಯೆ ಕಂಡರೆ ಕಸಿವಿಸಿ. ಇಲ್ಲಿ ಸಂಖ್ಯೆಯೂ ಇಲ್ಲ.

ಏಕಮಾನ ಬಂದದ್ದು ನಮ್ಮ ದೇಶದಲ್ಲೇ, ನ್ಯಾಯಾಲಯದ ಮೂಲಕ. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2001ರ ನವೆಂಬರ್ 28ರಂದು ನೀಡಿದ ಮಧ್ಯಂತರ ಆದೇಶ ಆರು ವರ್ಷದೊಳಗಿನ ಪ್ರತಿ ಮಗುವಿಗೆ 300 ಕಿಲೋಕ್ಯಾಲರಿ, 8ರಿಂದ 10 ಗ್ರಾಂ ಪ್ರೋಟೀನು ಎಂದು ಅಂಕಿಯಲ್ಲಿ ಹೇಳಿತು; ಅಪೌಷ್ಟಿಕ ಮಗುವಿಗೆ ಅದರ ಎರಡರಷ್ಟು. 2009ರಲ್ಲಿ ಯೋಜನೆಯ ನಿಯಮ ಪರಿಷ್ಕಾರಗೊಂಡು ಸಾಮಾನ್ಯ ಮಗುವಿಗೆ 500, ತೀವ್ರ ಕಡಿಮೆ ತೂಕದ ಮಗುವಿಗೆ 800 ಕಿಲೋಕ್ಯಾಲರಿ ಆಯಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಈ ಪ್ರಮಾಣಗಳನ್ನು ತನ್ನ ಎರಡನೆಯ ಅನುಸೂಚಿಯಲ್ಲಿ ಸೇರಿಸಿತು. ಅಪೌಷ್ಟಿಕತೆಯಿಂದ ಬಳಲುವ ಮಕ್ಕಳನ್ನು ಅಂಗನವಾಡಿಯ ಮೂಲಕ ಗುರುತಿಸಿ ಊಟ ಕೊಡಬೇಕು ಎಂಬ ಹೊಣೆ ಕಾಯ್ದೆಯ 6ನೆಯ ಪ್ರಕರಣದಲ್ಲಿದೆ.

'ಗುರುತಿಸಿ' ಎಂಬ ಪದವನ್ನು ದಯವಿಟ್ಟು ಮತ್ತೊಮ್ಮೆ ಓದಿ. ಗುರುತಿಸುವುದು ಯಾವುದರಿಂದ? ತಕ್ಕಡಿಯಿಂದ, ಎತ್ತರದ ಪಟ್ಟಿಯಿಂದ, ತೋಳಿನ ಸುತ್ತಳತೆಯ ಟೇಪಿನಿಂದ. 500 ಮತ್ತು 800ರ ನಡುವಿನ 300 ಕಿಲೋಕ್ಯಾಲರಿ, ವೈದ್ಯರ ತಪಾಸಣೆ, ಪೌಷ್ಟಿಕ ಪುನರ್ವಸತಿ ಕೇಂದ್ರದ ಹಾಸಿಗೆ, ಎಲ್ಲವೂ ಆ ಮುಳ್ಳು ಎಲ್ಲಿ ನಿಂತಿತು ಎಂಬುದನ್ನು ನೋಡಿಕೊಂಡು ಬರುತ್ತವೆ. ಕಾನೂನು ಹಕ್ಕನ್ನು ಕೊಟ್ಟು, ಅದರ ಕೀಲಿಕೈಯನ್ನು ಬಿಗುವು ತಗ್ಗಿದ ಸ್ಪ್ರಿಂಗಿಗೆ ಕೊಟ್ಟಿದೆ. ನನ್ನ ಆಕ್ಷೇಪ ಇದೇ.

ತೋಳಿನ ಟೇಪನ್ನು ಎಲ್ಲಕ್ಕಿಂತ ಸರಳವೆಂದು ಹೇಳುವುದುಂಟು. 6ರಿಂದ 59 ತಿಂಗಳ ಮಗುವಿನ ಎಡತೋಳಿನ ನಡುಭಾಗದ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ, 12.5ಕ್ಕಿಂತ ಕಡಿಮೆಯಿದ್ದರೆ ಮಧ್ಯಮ. ಬ್ಯಾಟರಿ ಬೇಡ, ಸ್ಪ್ರಿಂಗ್ ಬೇಡ, ಮಗುವಿನ ವಯಸ್ಸೂ ಬೇಡ. ನಿಜ. ಆದರೆ ಚಳಿಗಾಲದ ಬೆಳಿಗ್ಗೆ, ಅಳುವ ಮಗುವಿನ ತೋಳಿನ ಮೇಲೆ 1 ಮಿ.ಮೀ. ದಪ್ಪದ ಬಟ್ಟೆ ಉಳಿದುಬಿಟ್ಟರೆ ಏನಾಗುತ್ತದೆ? ನಿಮ್ಮ ಹೈಸ್ಕೂಲು ವಿದ್ಯಾರ್ಥಿಗಳನ್ನೇ ಕೇಳಿ ನೋಡಿ. ಹೆಚ್ಚಿನವರು 1 ಅಥವಾ 2 ಮಿ.ಮೀ. ಎನ್ನುತ್ತಾರೆ. ತ್ರಿಜ್ಯ 1 ಮಿ.ಮೀ. ಹೆಚ್ಚಿದರೆ ಪರಿಧಿ 2π, ಅಂದರೆ 6.3 ಮಿ.ಮೀ. ಹೆಚ್ಚುತ್ತದೆ, ತೋಳು ಎಷ್ಟೇ ಸಣ್ಣದಿರಲಿ. 11.2 ಇದ್ದದ್ದು 11.8 ಆಗುತ್ತದೆ. ತೀವ್ರ ಅಪೌಷ್ಟಿಕ ಮಗು ಒಂದು ತೋಳಂಗಿಯ ದಪ್ಪದಿಂದ ಪಟ್ಟಿಯಿಂದ ಹೊರಗೆ ಬರುತ್ತದೆ. ಪರಿಧಿಯ ಸೂತ್ರವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಗೊತ್ತಿಲ್ಲ. ಪಠ್ಯಪುಸ್ತಕಗಳು ಮಾತ್ರ ಇನ್ನೂ ವೃತ್ತಾಕಾರದ ತೋಟಕ್ಕೆ ಬೇಲಿ ಹಾಕಿಸುತ್ತಲೇ ಇವೆ.

ಎತ್ತರದ್ದು ಇನ್ನೂ ಸೂಕ್ಷ್ಮ. ಎರಡು ವರ್ಷದವರೆಗೆ ಮಗುವನ್ನು ಮಲಗಿಸಿ ಉದ್ದ ಅಳೆಯಬೇಕು, ಆಮೇಲೆ ನಿಲ್ಲಿಸಿ ಎತ್ತರ ಅಳೆಯಬೇಕು. ಮಲಗಿದ ಅಳತೆ ನಿಂತದ್ದಕ್ಕಿಂತ ಸುಮಾರು 0.7 ಸೆಂ.ಮೀ. ಹೆಚ್ಚು ಬರುತ್ತದೆ ಎಂದು ಮಾನಕವೇ ಹೇಳುತ್ತದೆ. ಎರಡು ವರ್ಷದ ಮಕ್ಕಳ ಎತ್ತರದ ಮಾನಕ ವಿಚಲನೆ ಸುಮಾರು 3 ಸೆಂ.ಮೀ. ಆದ್ದರಿಂದ ಮಂಡಿ ಮಡಚಿದ ಮಗು, ತುಸು ಓರೆಯಾದ ಹಲಗೆ, ಅಂದಾಜಿನಲ್ಲಿ ಬರೆದ ಹುಟ್ಟಿದ ತಿಂಗಳು, ಇವೆಲ್ಲ ಕೂಡಿ 1.5 ಸೆಂ.ಮೀ. ಯಾದೃಚ್ಛಿಕ ದೋಷವಾದರೆ ಅದು ಅರ್ಧ ಮಾನಕ ವಿಚಲನೆಯಷ್ಟು.

"ಯಾದೃಚ್ಛಿಕ ದೋಷ ತಾನೇ? ಒಂದು ಮಗುವಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ, ಸರಾಸರಿಯಲ್ಲಿ ಸರಿಹೋಗುತ್ತದೆ" ಎಂದು ಒಬ್ಬ ಸಹೋದ್ಯೋಗಿ ವಾದಿಸಿದರು. ಸಂಖ್ಯಾಶಾಸ್ತ್ರ ಓದಿದವರೂ ಇಲ್ಲಿ ಎಡವುತ್ತಾರೆ. ಸರಾಸರಿ ಸರಿಹೋಗುತ್ತದೆ, ಬಾಲ ಸರಿಹೋಗುವುದಿಲ್ಲ. ನಾವು ಎಣಿಸುತ್ತಿರುವುದು ಬಾಲವನ್ನು. ಒಂದು ಪ್ರದೇಶದ ಮಕ್ಕಳ ನಿಜವಾದ ಸರಾಸರಿ ಎತ್ತರ ಮಾನಕದ ಮಧ್ಯಬಿಂದುವಿಗಿಂತ 1.4 ಮಾನಕ ವಿಚಲನೆ ಕೆಳಗಿದೆ, ಹರಡಿಕೆ 1 ಎಂದುಕೊಳ್ಳಿ. ಪ್ರಸಾಮಾನ್ಯ ವಿತರಣೆಯ ಕೋಷ್ಟಕ ನೋಡಿದರೆ −2ರ ಕೆಳಗೆ, ಅಂದರೆ ಕುಂಠಿತ ಬೆಳವಣಿಗೆಯಲ್ಲಿ, ಶೇಕಡ 27.4 ಮಕ್ಕಳಿರುತ್ತಾರೆ, −3ರ ಕೆಳಗೆ ಶೇಕಡ 5.5. ಈಗ ಅರ್ಧ ಮಾನಕ ವಿಚಲನೆಯ ಅಳತೆ ದೋಷವನ್ನು ಸೇರಿಸಿ. ವರ್ಗಗಳು ಕೂಡುತ್ತವೆ, ಹರಡಿಕೆ 1.12 ಆಗುತ್ತದೆ. −2ರ ಕೆಳಗಿನವರು 29.6, −3ರ ಕೆಳಗಿನವರು 7.6. ಒಂದು ಮಗುವೂ ಕುಗ್ಗಿಲ್ಲ, ಆದರೆ 'ತೀವ್ರ' ಎಂದು ಎಣಿಸಿದವರ ಸಂಖ್ಯೆ ಮೂರನೆಯ ಒಂದಕ್ಕಿಂತ ಹೆಚ್ಚು ಬೆಳೆಯಿತು. ಅದಕ್ಕಿಂತ ಕೆಟ್ಟದ್ದೆಂದರೆ, ಆ ಪಟ್ಟಿಯಲ್ಲಿ ಇರಬೇಕಾದ ಕೆಲವರು ಹೊರಗಿದ್ದಾರೆ, ಇರಬೇಕಿಲ್ಲದವರು ಒಳಗಿದ್ದಾರೆ. ರಾಜ್ಯದ ಸರಾಸರಿಗೆ ಇದರಿಂದ ನೋವಿಲ್ಲ. ಹಕ್ಕು ಇರುವುದು ಸರಾಸರಿಗಲ್ಲ, ಒಂದೊಂದು ಮಗುವಿಗೆ.

ಈಗ ದೇಶದ ಅಂಕಿಗಳಿಗೆ ಬರೋಣ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 35.5 ಕುಂಠಿತರು, ಶೇಕಡ 32.1 ಕಡಿಮೆ ತೂಕದವರು, ಶೇಕಡ 19.3 ಕೃಶರು (ಎತ್ತರಕ್ಕೆ ತಕ್ಕ ತೂಕವಿಲ್ಲದವರು) ಎಂದಿತು. ಕರ್ನಾಟಕದ ಅಂಕಿಗಳು ಬಹುತೇಕ ಇವೇ: 35.4, 32.9, 19.5. ಇನ್ನೊಂದು ಕಡೆ 2021ರಿಂದ ಅಂಗನವಾಡಿಗಳ ತಿಂಗಳ ಅಳತೆಗಳು ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ತಂತ್ರಾಂಶಕ್ಕೆ ಹೋಗುತ್ತಿವೆ. 2024ರ ಜೂನ್ ತಿಂಗಳ ಅದರ ಲೆಕ್ಕವನ್ನು ಕೇಂದ್ರ ಸರ್ಕಾರ ಪ್ರಕಟಿಸಿತು: ಕುಂಠಿತರು ಶೇಕಡ 35, ಕಡಿಮೆ ತೂಕದವರು 17, ಕೃಶರು 6.

ಎತ್ತರದ ಅಂಕಿ ಎರಡರಲ್ಲೂ ಒಂದೇ. ತೂಕದ ಅಂಕಿ ಅರ್ಧಕ್ಕೆ ಇಳಿದಿದೆ, ಕೃಶತೆ ಮೂರನೆಯ ಒಂದಕ್ಕೆ. ಇದು ಎಷ್ಟು ದೊಡ್ಡ ಬದಲಾವಣೆ ಎಂದು ನಾವೇ ಅಂದಾಜು ಮಾಡಬಹುದು. ಹರಡಿಕೆ 1 ಎಂದು ಹಿಡಿದರೆ, −2ರ ಕೆಳಗೆ ಶೇಕಡ 32 ಇರಬೇಕಾದರೆ ಸರಾಸರಿ −1.5ರಲ್ಲಿರಬೇಕು, ಶೇಕಡ 17 ಆಗಬೇಕಾದರೆ −1.05ಕ್ಕೆ ಏರಬೇಕು. ಹತ್ತಿರಹತ್ತಿರ ಅರ್ಧ ಮಾನಕ ವಿಚಲನೆ. ಎರಡು ವರ್ಷದ ಗಂಡುಮಗುವಿಗೆ ಅದು ಸುಮಾರು 600 ಗ್ರಾಂ. ಅಂದರೆ, ದೇಶದ ಎರಡು ವರ್ಷದ ಮಕ್ಕಳೆಲ್ಲ ನಾಲ್ಕೈದು ವರ್ಷಗಳಲ್ಲಿ, ಎತ್ತರ ಇದ್ದಲ್ಲೇ ಇದ್ದು, ಸರಾಸರಿ ಅರ್ಧ ಕಿಲೋಗಿಂತ ಹೆಚ್ಚು ತೂಕ ಗಳಿಸಿದ್ದಾರೆ. ಇದು ನಿಜವಾಗಿದ್ದರೆ ಸಾರ್ವಜನಿಕ ಆರೋಗ್ಯದ ಇತಿಹಾಸದಲ್ಲಿ ಬರೆದಿಡಬೇಕಾದ ಸಾಧನೆ. ನಿಜವಲ್ಲದಿದ್ದರೆ ಲಕ್ಷಾಂತರ ಮಕ್ಕಳು ಕಾಗದದ ಮೇಲೆ ದಷ್ಟಪುಷ್ಟರಾಗಿದ್ದಾರೆ.

ಎರಡೂ ಲೆಕ್ಕಗಳಿಗೆ ತಮ್ಮ ತಮ್ಮ ಮಿತಿಗಳಿವೆ. ಸಮೀಕ್ಷೆ ಆಯ್ದ ಮನೆಗಳಿಗೆ ಹೋಗುತ್ತದೆ, ತಂತ್ರಾಂಶ ಅಂಗನವಾಡಿಯಲ್ಲಿ ಹೆಸರು ಬರೆಸಿದವರನ್ನು ಎಣಿಸುತ್ತದೆ. ಸಮೀಕ್ಷೆಯಲ್ಲೂ ಯಾದೃಚ್ಛಿಕ ದೋಷವಿದ್ದು ಬಾಲ ಸ್ವಲ್ಪ ಉಬ್ಬಿರಬಹುದು. ಆದರೆ ಪ್ರಯೋಗಶಾಲೆಯಲ್ಲಿ ಎರಡು ವೋಲ್ಟ್‌ಮೀಟರುಗಳು ಒಂದು 19, ಇನ್ನೊಂದು 6 ತೋರಿಸಿದರೆ ನಾವು ಯಾವುದು ಇಷ್ಟವೋ ಅದನ್ನು ಬರೆದುಕೊಳ್ಳುವುದಿಲ್ಲ. ಎರಡನ್ನೂ ಒಂದೇ ಕೋಶಕ್ಕೆ ಜೋಡಿಸುತ್ತೇವೆ. ಇಲ್ಲಿ ಆಗಬೇಕಾದದ್ದೂ ಅಷ್ಟೇ: ಆಯ್ದ ಕೆಲವು ಅಂಗನವಾಡಿಗಳಲ್ಲಿ ಅದೇ ಮಗುವನ್ನು, ಅದೇ ವಾರ, ಪರೀಕ್ಷಿಸಿದ ಉಪಕರಣದಿಂದ ಇನ್ನೊಬ್ಬರು ಮತ್ತೆ ಅಳೆದು ಎರಡು ಅಂಕಿಗಳ ವ್ಯತ್ಯಾಸವನ್ನು ಪ್ರಕಟಿಸುವುದು. ಪತ್ರಿಕಾ ಹೇಳಿಕೆಗಳಲ್ಲಿ ಶೇಕಡಾವಾರು ಇರುತ್ತದೆ, ದೋಷದ ಅಂಚು ಇರುವುದಿಲ್ಲ. ಹಾಗೆ ಬರೆದ ರೆಕಾರ್ಡ್ ಪುಸ್ತಕಕ್ಕೆ ನಾನಾದರೆ ಸಹಿ ಹಾಕುತ್ತಿರಲಿಲ್ಲ.

ಇಷ್ಟರಲ್ಲಿ ಚರ್ಚೆ ಬೇರೆ ಕಡೆಗೆ ಹರಿಯುತ್ತದೆ: ಮಾನಕವೇ ನಮಗೆ ಸರಿಯಲ್ಲವಂತೆ, ಭಾರತದ ಮಕ್ಕಳಿಗೆ ಬೇರೆ ಪಟ್ಟಿ ಬೇಕಂತೆ. ಅರ್ಥಶಾಸ್ತ್ರಜ್ಞ ಅರವಿಂದ ಪನಗಾರಿಯಾ 2013ರಲ್ಲಿ ಈ ವಾದವನ್ನು ಗಟ್ಟಿಯಾಗಿ ಮಂಡಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಮಾನಕ 1997ರಿಂದ 2003ರವರೆಗೆ ಆರು ದೇಶಗಳಲ್ಲಿ ಸುಮಾರು 8,440 ಮಕ್ಕಳನ್ನು ಅಳೆದು ಮಾಡಿದ್ದು. ಅವುಗಳಲ್ಲಿ ನಮ್ಮ ದೆಹಲಿಯೂ ಒಂದು. ಎದೆಹಾಲು, ಆರೋಗ್ಯಸೇವೆ, ಹೊಗೆ ಸೇದದ ತಾಯಿ, ಇಂಥ ಅನುಕೂಲಗಳಿದ್ದಾಗ ಮಕ್ಕಳ ಉದ್ದದಲ್ಲಿನ ವ್ಯತ್ಯಾಸಕ್ಕೆ ಊರಿನ ಪಾಲು ಶೇಕಡ 3ರಷ್ಟು ಮಾತ್ರ, ಮಗುವಿನಿಂದ ಮಗುವಿಗಿರುವ ವ್ಯತ್ಯಾಸದ ಪಾಲು ಶೇಕಡ 70 ಎಂಬುದು ಅದರ ಮುಖ್ಯ ಫಲಿತಾಂಶ. ದೆಹಲಿಯ ಉಳ್ಳವರ ಮನೆಯ ಮಕ್ಕಳು ಇಡೀ ದೇಶವನ್ನು ಪ್ರತಿನಿಧಿಸುತ್ತಾರೆಯೇ ಎಂದು ಕೇಳಬಹುದು, ಕೇಳಬೇಕು ಕೂಡ. ಆದರೆ ಕೋಲನ್ನು ಮೊಟಕು ಮಾಡಿದರೆ ಗೋಡೆ ಬೆಳೆಯುವುದಿಲ್ಲ. ಸಂಖ್ಯೆ ಮಾತ್ರ ಬದಲಾಗುತ್ತದೆ. ಕೋಲಿನ ಬಗ್ಗೆ ವಾದಿಸುವ ಉತ್ಸಾಹದ ಹತ್ತರಲ್ಲೊಂದು ಪಾಲು ತಕ್ಕಡಿಯ ಪರೀಕ್ಷೆಗೆ ಸಂದಿದ್ದರೆ ಸಾಕಿತ್ತು.

ತಕ್ಕಡಿಯ ಪರೀಕ್ಷೆಗೆ ಕಾನೂನು ಬೇಕೆ? ಇದೆ. ಅಂಗಡಿಯವರ ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆ ವರ್ಷಕ್ಕೊಮ್ಮೆ ಮುದ್ರೆ ಹಾಕುವುದು ನಿಮಗೆ ಗೊತ್ತು. ಆ 2009ರ ಕಾಯ್ದೆ ಬರೀ ವ್ಯಾಪಾರಕ್ಕೆ ಸಂಬಂಧಿಸಿದ್ದಲ್ಲ. ಅದರಲ್ಲಿ 'ರಕ್ಷಣೆ' ಎಂಬ ಪಾರಿಭಾಷಿಕ ಪದವಿದೆ: ಮನುಷ್ಯರ ಅಥವಾ ಪ್ರಾಣಿಗಳ ಒಳಿತನ್ನು ಕಾಪಾಡಲು ಯಾವ ಕ್ರಮ ಕೈಗೊಳ್ಳಬೇಕೆಂದು ತೀರ್ಮಾನಿಸುವುದಕ್ಕಾಗಿ ತೂಕದ ಅಥವಾ ಅಳತೆಯ ಓದಿಕೆಯನ್ನು ಬಳಸುವುದು ಎಂದು ಅದರ ಅರ್ಥ. ವ್ಯವಹಾರಕ್ಕಾಗಲೀ ರಕ್ಷಣೆಗಾಗಲೀ ಬಳಸುವ ತೂಕ-ಅಳತೆಗಳನ್ನು ಉಪಯೋಗಕ್ಕೆ ತರುವ ಮೊದಲು ಪರಿಶೀಲನೆ ಮಾಡಿಸಬೇಕು ಎಂದು ಅದೇ ಕಾಯ್ದೆಯ 24ನೆಯ ಪ್ರಕರಣ ಹೇಳುತ್ತದೆ. ಅಂಗನವಾಡಿಯ ತಕ್ಕಡಿ ಈ ವಿವರಣೆಗೆ ಹೊಂದುವಷ್ಟು ಬೇರಾವುದು ಹೊಂದೀತು? ನಾವು ನೋಡಿದ ತಕ್ಕಡಿಯ ಮೇಲೆ ಮುದ್ರೆ ಇರಲಿಲ್ಲ. ಎದುರಿನ ಅಂಗಡಿಯಲ್ಲಿ ಬೆಲ್ಲ ತೂಗುವ ಕಲ್ಲಿನ ಮೇಲೆ ಇತ್ತು.

ಅಳೆದ ಮಾತ್ರಕ್ಕೆ ಮಗುವಿನ ಹೊಟ್ಟೆ ತುಂಬುವುದೇ ಎಂದು ಯಾರಾದರೂ ಕೇಳಿದರೆ ನಾನು ಅವರ ಪಕ್ಷವೇ. ಇಲ್ಲಿ ಎಂಜಿನಿಯರುಗಳಿಂದ ಕಲಿಯುವುದಿದೆ. ಉಪಕರಣವನ್ನು ನಂಬಲಾಗದಿದ್ದರೆ, ಅದರ ದೋಷ ಫಲಿತಾಂಶವನ್ನು ಕೆಡಿಸದಂತೆ ವ್ಯವಸ್ಥೆಯನ್ನು ರೂಪಿಸುತ್ತಾರೆ. ಕರ್ನಾಟಕದಲ್ಲಿ 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯದ ಹಾಲು ತೂಕ ನೋಡಿ ಕೊಡುವಂಥದ್ದಲ್ಲ. ಶಾಲೆಗೆ, ಅಂಗನವಾಡಿಗೆ ಬಂದ ಮಗುವಿಗೆಲ್ಲ ಇದೆ. ತಕ್ಕಡಿ ಎಷ್ಟೇ ಸುಳ್ಳು ಹೇಳಿದರೂ ಆ ಲೋಟ ತಪ್ಪುವುದಿಲ್ಲ. ಗೆರೆ ಎಳೆದು ಕೊಡುವ ಸೌಲಭ್ಯ ಗೆರೆಯ ಬಳಿ ನಿಂತ ಮಕ್ಕಳನ್ನು ಅದೃಷ್ಟಕ್ಕೆ ಬಿಡುತ್ತದೆ. ಎಲ್ಲರಿಗೂ ಕೊಡಬಹುದಾದದ್ದನ್ನು ಎಲ್ಲರಿಗೂ ಕೊಡುವುದು ದುಂದುಗಾರಿಕೆಯಲ್ಲ, ದೋಷ ಸಹಿಸುವ ವಿನ್ಯಾಸ. ಆದರೆ ಆಸ್ಪತ್ರೆಗೆ ಕಳಿಸಬೇಕಾದ ಮಗು ಯಾವುದು ಎಂಬಲ್ಲಿ ಗೆರೆ ಬೇಕೇ ಬೇಕು. ಅಲ್ಲಿ ಸರಿಯಾದ ತಕ್ಕಡಿಗೆ ಪರ್ಯಾಯವಿಲ್ಲ.

ಕಾರ್ಯಕರ್ತೆಯರನ್ನು ದೂರುವುದು ಸುಲಭ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಅರ್ಧ ಶತಮಾನವಾದರೂ ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಗ್ರಾಚ್ಯುಟಿಗೆ ಅರ್ಹರು ಎಂದು ಸುಪ್ರೀಂ ಕೋರ್ಟು ಹೇಳಿದ್ದು 2022ರಲ್ಲಿ. ಅಡುಗೆಯ ಉಸ್ತುವಾರಿ, ಪಾಠ, ಮನೆಭೇಟಿ, ಮೊಬೈಲಿಗೆ ಅಂಕಿ ತುಂಬುವುದು, ಎಲ್ಲದರ ನಡುವೆ ಅಳುವ ಮಗುವಿನ ಮಂಡಿ ಹಿಡಿದು ಮಿಲಿಮೀಟರು ಓದಬೇಕು. ನಮ್ಮ ಪ್ರಯೋಗಶಾಲೆಯಲ್ಲಿ ಒಂದು ಓದಿಕೆಗೆ ಮೂವರು ವಿದ್ಯಾರ್ಥಿಗಳು ನಿಂತಿರುತ್ತಾರೆ.

ಈ ಪತ್ರಿಕೆ ಓದುವ ಅಧ್ಯಾಪಕರು ಒಂದು ಕೆಲಸ ಮಾಡಬಹುದು. ಒಂದು ಲೀಟರು ನೀರಿನ ರಾಶಿ ಒಂದು ಕಿಲೋ. ಬೇಸಿಗೆಯ ಸೆಖೆಯಲ್ಲೂ ವ್ಯತ್ಯಾಸ ನಾಲ್ಕೈದು ಗ್ರಾಂ ದಾಟುವುದಿಲ್ಲ. ಶಾಲೆಯ ಅಳತೆ ಜಾಡಿಯಿಂದ ಅಳೆದ ನೀರನ್ನು ಬಕೆಟ್ಟಿಗೆ ತುಂಬಿ, ಬಕೆಟ್ಟಿನ ತೂಕ ಕಳೆದು, 5, 8, 10, 12 ಕಿಲೋಗಳಲ್ಲಿ ತಕ್ಕಡಿಯನ್ನು ಓದಿಸಿ. ಏರಿಸುತ್ತ ಒಮ್ಮೆ, ಇಳಿಸುತ್ತ ಒಮ್ಮೆ. ಎರಡೂ ಒಂದೇ ಬಾರದಿದ್ದರೆ ಸ್ಪ್ರಿಂಗಿನ ಇನ್ನೊಂದು ರೋಗವೂ ಗೊತ್ತಾಗುತ್ತದೆ. ಎತ್ತರದ ಪಟ್ಟಿಗೆ ಒಂದು ಉಕ್ಕಿನ ಟೇಪು ಸಾಕು. ಗ್ರಾಫ್ ಎಳೆದು, ತಿದ್ದುಪಡಿಯ ಕೋಷ್ಟಕ ಬರೆದು ಕಾರ್ಯಕರ್ತೆಗೆ ಕೊಡಿ. ಕೊಡುವಾಗ ತಪ್ಪು ಹುಡುಕಲು ಬಂದವರಂತೆ ನಡೆದುಕೊಳ್ಳಬೇಡಿ ಎಂದು ವಿದ್ಯಾರ್ಥಿಗಳಿಗೆ ಮೊದಲೇ ಹೇಳಿರಿ.

ನಾವೂ ಆ ದಿನ ಅಂಥದೊಂದು ಕೋಷ್ಟಕ ಬರೆದು ತಕ್ಕಡಿಯ ಪಕ್ಕದ ಗೋಡೆಗೆ ಅಂಟಿಸಿ ಬಂದೆವು. ಮುಂದಿನ ತಿಂಗಳು ಕಾರ್ಯಕರ್ತೆಯ ಫೋನು ಬಂತು. "ಸರ್, ನಿಮ್ಮ ಲೆಕ್ಕದ ಪ್ರಕಾರ ಬರೆದೆ. ಎರಡು ಮಕ್ಕಳು ಕಿತ್ತಳೆಗೆ ಇಳಿದರು. ಹೋದ ತಿಂಗಳು ಚೆನ್ನಾಗಿದ್ದವು, ಈಗ ಯಾಕೆ ಹೀಗಾಯ್ತು, ನೀವು ಸರಿಯಾಗಿ ನೋಡ್ಕೊಳ್ತಿಲ್ವಾ ಅಂತ ಮೇಲಿನವರು ಕೇಳ್ತಿದಾರೆ. ಏನು ಹೇಳಲಿ?"

ಕಾಲೇಜಿನ ಕಾಗದದಲ್ಲಿ ಒಂದು ಪತ್ರ ಬರೆದು, ಗ್ರಾಫನ್ನೂ ಲಗತ್ತಿಸಿ ಅವರ ಕೈಗೆ ಕೊಟ್ಟೆ. ಆ ಎರಡು ಮಕ್ಕಳನ್ನು ವೈದ್ಯರು ನೋಡಿದರು. ತಕ್ಕಡಿ ಬದಲಾಗಲು ಇನ್ನೂ ಏಳು ತಿಂಗಳು ಹಿಡಿಯಿತು.